ತಪ್ಪಿದ ಸ್ವರ

ಹಾಡುತ್ತಿದ್ದ ಬಡಗಿಯ ತೋಳನ್ನು ಹೆಂಡತಿ ಚಟಕ್ಕನೆ ಚಿವುಟಿದಳು! ಲಕ್ವ ಹೊಡೆದಾಗಿನಿಂದ ಅವಳಿಗೆ ಮಾತೇ ಹೊರಟಿರಲಿಲ್ಲ. ಅವನೂ ಯೇಸುವಿನ ಮೇಲೆ ಮುನಿದು ಪ್ರಾರ್ಥನೆ ಬಿಟ್ಟಿದ್ದ. ಇವತ್ತು ಅವಳ ತಲೆ ಬಾಚುವಾಗ ಚರ್ಚಿನ ಹಳೇ ಹಾಡು ತಾನಾಗಿ ಬಾಯಿಗೆ ಬಂದಿತ್ತು, ಅಷ್ಟೇ.

"ಏನೇ?" ಎಂದ. ಅವಳು ಹುಬ್ಬು ಗಂಟಿಕ್ಕಿದಳು. ಹೌದಲ್ಲ! ಈ ಸಾಲಿನಲ್ಲಿ ಅವನ ಸ್ವರ ಯಾವಾಗಲೂ ತಪ್ಪುತ್ತಿತ್ತು. ಚರ್ಚಿನಲ್ಲಿ ಪಕ್ಕ ನಿಂತು ಹಾಡುವಾಗ ಅವಳು ಇಲ್ಲೇ ಚಿವುಟುತ್ತಿದ್ದಳು. ಬೇಕೆಂದೇ ಮತ್ತೆ ತಪ್ಪು ಹಾಡಿದ.

ಅವಳಿಗೆ ತಡೆಯಲಾಗಲಿಲ್ಲ. "ಕತ್ತಲಲ್ಲೂ ಕೈಬಿಡದ ಕರ್ತನೇ..." ಒಂದಕ್ಷರವೂ ತೊದಲದೆ ಹಾಡಿಬಿಟ್ಟಳು!

ಬಾಚಣಿಗೆ ಕೈಜಾರಿತು. "ಮಗಳೇ, ಓಡಿ ಬಾರೇ! ನಿಮ್ಮಮ್ಮ ಹಾಡ್ತಿದಾಳೆ!" ಎಂದು ಕೂಗಿದ.

ಹೆಂಡತಿ ಇನ್ನೊಮ್ಮೆ ಚಿವುಟಿದಳು. ಚರ್ಚಿನಲ್ಲಿ ಮುಂದಿನ ಸಾಲು ಹಾಡುವ ಸರದಿ ಗಂಡಸರದು.