ಅಪ್ಪನ ಪಾಲಿನ ಜಪ

ಜಪಸರ ಹಿಡಿದು ಮಂಡಿಯೂರಿದ್ದ ಫ್ಲೋರಿನ್, ಮಗಳು ಎವ್ಲಿನ್‌ಳ ಲಂಗದ ಮರೆಯಲ್ಲಿ ಟೇಪ್ ರೆಕಾರ್ಡರಿನ ಕೆಂಪು ದೀಪ ಕಂಡು ಕೈ ಚಾಚಿದಳು. ಜಪದ ಹೊತ್ತಿಗೆ ಮಕ್ಕಳು ಆ ಪೆಟ್ಟಿಗೆ ಮುಟ್ಟಕೂಡದೆಂಬುದು ಅವಳದೇ ಕಟ್ಟಪ್ಪಣೆ.

"ಇದನ್ನ ಯಾಕೆ ಹಾಕಿದ್ಯೇ?"

"ಬಹರೇನಿಗೆ ಕಳಿಸ್ಲಿಕ್ಕೆ. ನಾನು ಅರ್ಧ ಹೇಳಿ ಸುಮ್ನಾಗ್ತೀನಿ. ಉಳಿದರ್ಧ ಅಪ್ಪ ಅಲ್ಲಿ ಕೇಳಿಸ್ಕೊಂಡು ಹೇಳ್ತಾರೆ. ನೀನು ಮಧ್ಯೆ ಬಾಯಿ ಹಾಕ್ಬೇಡ ಅಮ್ಮ."

ಗುಂಡಿಯ ಮೇಲಿದ್ದ ಫ್ಲೋರಿನ್‌ಳ ಬೆರಳು ಅಲ್ಲೇ ನಿಂತಿತು. ಎವ್ಲಿನ್ ಮತ್ತೆ ಅರ್ಧ ಜಪ ಹೇಳಿ ನಿಲ್ಲಿಸಿದಳು. ಜೊತೆಗಿದ್ದವರು ಉತ್ತರವಾಗಿ ಹೇಳಬೇಕಾದ ಉಳಿದರ್ಧ ನಾಲಗೆಯ ತುದಿಗೆ ತಾನಾಗಿ ಬಂದರೂ ತಾಯಿ ಅದನ್ನು ನುಂಗಿಕೊಂಡಳು. ಸಾಗರ ಪೇಟೆಯ ಆ ಮನೆಯಲ್ಲಿ ಕ್ಯಾಸೆಟ್ ಸುತ್ತುವ ಸದ್ದೊಂದೇ ಕೇಳುತ್ತಿತ್ತು. ಒಬ್ಬರು ಉತ್ತರ ಹೇಳಿ ಮುಗಿಸುವಷ್ಟು ಹೊತ್ತು ಕಾದು, ಫ್ಲೋರಿನ್ ಒಂದು ಮಣಿ ಸರಿಸಿದಳು. ಆಮೇಲೆ ಪೆಟ್ಟಿಗೆಯನ್ನು ಮೆಲ್ಲನೆ ಎತ್ತಿ, ಗಂಡ ಮಂಡಿಯೂರುತ್ತಿದ್ದ ಜಾಗದಲ್ಲಿಟ್ಟಳು.