ಎಣ್ಣೆಗೆರೆಯ ಒಳಗೆ

ನೆಲದ ಮೇಲಿನ ಎಣ್ಣೆಗೆರೆ ತನ್ನ ಸುತ್ತ ಪೂರ್ತಿಯಾಗುವವರೆಗೂ ತುಲ್‌ಬೀರ್ ನಗುತ್ತಲೇ ಇದ್ದ. ಅಂಗಳದಲ್ಲಿ ಪಕ್ಷದ ಬಾವುಟ ಹಿಡಿದ ಜನ. ಮುಂದಿನ ತಿಂಗಳು ಪ್ರಾಂತ್ಯದ ಚುನಾವಣೆ. ಅಕ್ಕತಂಗಿಯರು ಸೋದರರ ಆಯುಸ್ಸು ಬೇಡುವ ಈ ಭಾಯಿಟೀಕಾ ಹಬ್ಬದ ದಿನ ಅಭ್ಯರ್ಥಿ ತುಲ್‌ಬೀರ್ ಊರಿನ ಅಕ್ಕನೊಬ್ಬಳ ಕೈಯಿಂದ ಹಣೆಗೆ ಏಳು ಬಣ್ಣ ಹಚ್ಚಿಸಿಕೊಳ್ಳುವ ಚಿತ್ರ ಯಾವ ಪಕ್ಷಕ್ಕೆ ಬೇಡ? ಕಾರ್ಯಕರ್ತೆಯೊಬ್ಬಳು ಬಾಗಿಲಲ್ಲೇ ಫೋನ್ ಎತ್ತಿ ಹಿಡಿದು ನಿಂತಿದ್ದಳು.

"ಅವತ್ತು ಇದೇ ಬಾಗಿಲಲ್ಲಿ ಬಂದೂಕು ಹಿಡ್ಕೊಂಡು ನಿಂತು, ಹಬ್ಬ ಗಿಬ್ಬ ಎಲ್ಲ ಮೂಢನಂಬಿಕೆ, ಮಾಡಿದ್ರೆ ಜೋಕೆ ಅಂದಿದ್ದೆ," ಎಂದಳು ನಂದಕಲಿ, ಗರಿಕೆಯಿಂದ ಅವನ ತಲೆಗೆ ಎಣ್ಣೆ ಮುಟ್ಟಿಸುತ್ತ. "ಇವತ್ತು ಟೀಕಾ ಬೇಕಾಯ್ತೇನೋ ಭಾಯಿ?"

"ಆಗ ಚಿಕ್ಕ ವಯಸ್ಸು ದಿದಿ. ತಲೇಲಿ ಪುಸ್ತಕ ಇತ್ತು, ಬುದ್ಧಿ ಇರಲಿಲ್ಲ."

ಅಂಗಳ ಗೊಳ್ಳೆಂದಿತು. ನಂದಕಲಿಯೂ ನಕ್ಕಳು. ಅವಳೇನು ಅಳುಮುಂಜಿಯಲ್ಲ. ಎಮ್ಮೆ ಎರಡು ಹೊತ್ತೂ ಹಾಲು ಕೊಡುತ್ತಿತ್ತು, ಕಿತ್ತಳೆ ಈ ಸಲ ಕೊಂಬೆ ಬಗ್ಗುವಷ್ಟು ಬಿಟ್ಟಿತ್ತು, ಮಗಳು ದಾಂಗ್‌ನಲ್ಲಿ ನರ್ಸಿಂಗ್ ಓದುತ್ತಿದ್ದಳು, ಗಂಡ ಜಗಳವಾಡಿದರೂ ಮೊದಲು ಚಹಾ ಕಾಯಿಸಿಕೊಟ್ಟು ಆಮೇಲೆ ಆಡುವವನು. ವರ್ಷದಲ್ಲಿ ಈ ಒಂದು ದಿನ ಮಾತ್ರ ಅವಳ ಕೈಗೆ ಏನು ಮಾಡಬೇಕೆಂದು ತಿಳಿಯುತ್ತಿರಲಿಲ್ಲ. ತುಲ್‌ಬೀರನ ಪಕ್ಷ ಕಾಡಿನಲ್ಲಿದ್ದು ಸರ್ಕಾರದ ಮೇಲೆ ಬಂದೂಕು ಎತ್ತಿದ್ದ ಕಾಲಕ್ಕೆ ಆ ಪಕ್ಷದವರು ಅವಳ ತಮ್ಮ ಮನ್‌ಜಿತ್‌ನನ್ನು ಕರೆದೊಯ್ದಿದ್ದರು. ಸತ್ತನೆಂದು ಯಾರೂ ಹೇಳಲಿಲ್ಲ, ಇದ್ದಾನೆಂದೂ ಹೇಳಲಿಲ್ಲ. ಇಪ್ಪತ್ತು ವರ್ಷ ಅವಳು ಖಾಲಿ ಚಾಪೆಯ ಸುತ್ತ ಎಣ್ಣೆಗೆರೆ ಎಳೆದಳು, ಯಮ ಇದನ್ನು ದಾಟದಿರಲಿ ಎಂದು ಬೇಡಿದಳು, ಬೆರಳಿನ ಬಣ್ಣವನ್ನು ಹಚ್ಚಲು ಹಣೆಯಿಲ್ಲದೆ ಸೆರಗಿಗೆ ಒರೆಸಿಕೊಂಡಳು. ಬದುಕಿದ್ದರೆ ಸರಿ. ಸತ್ತಿದ್ದರೆ? ಹೋಗಬೇಕಾದವನನ್ನು ತಾನೇ ಗೆರೆ ಎಳೆದು ಕಟ್ಟಿಹಾಕಿದ ಹಾಗಾಯಿತಲ್ಲ.

ಈಗ ಆ ಚಾಪೆಯ ಮೇಲೆ ತುಲ್‌ಬೀರ್ ಕೂತಿದ್ದ. ಹಕ್ಕಿನಿಂದಲೇ ಕೂತಿದ್ದ. ಅವನೂ ಮನ್‌ಜಿತನೂ ಹುಡುಗರಾಗಿದ್ದಾಗ ಇಡೀ ಊರಿನೆದುರು ಉಡುಗೊರೆ ಬದಲಿಸಿಕೊಂಡು ಮೀತರಾದವರು. ಮೀತನೆಂದರೆ ಒಡಹುಟ್ಟಿದವನೇ. ಮೀತನ ಅಕ್ಕ ತನಗೂ ಅಕ್ಕ.

ತುಲ್‌ಬೀರ್ ಕಾಣಿಕೆಯ ಶಾಲನ್ನು ಮುಂದೆ ಚಾಚಿದ. ನಂದಕಲಿ ಅದನ್ನು ಮೆಲ್ಲಗೆ ಅವನ ತೊಡೆಗೇ ಹಿಂದಕ್ಕೆ ಸರಿಸಿದಳು.

"ಶಾಲು ನನ್ನ ಹತ್ರ ಇದೆ. ಬೇರೆ ಕಾಣಿಕೆ ಕೇಳ್ತೀನಿ. ಮನ್‌ಜಿತ್ ಎಲ್ಲಿ?"

ಅವನ ನಗು ಮುಖದ ಮೇಲೆಯೇ ಉಳಿಯಿತು, ಕಣ್ಣಿಂದ ಮಾತ್ರ ಹೋಯಿತು. "ದಿದಿ, ಕಾಣೆಯಾದೋರನ್ನ ಹುಡುಕೋಕೆ ಅಂತ ಆಯೋಗ ಇದೆ. ನೀವು ಅರ್ಜಿ ಕೊಟ್ಟಿದ್ದೀರಿ, ನಾವೂ ಒತ್ತಾಯ ಮಾಡ್ತಾ ಇದ್ದೀವಿ."

"ನಾನು ಆಯೋಗಕ್ಕೆ ಟೀಕಾ ಹಚ್ತಾ ಇಲ್ಲ."

ತುಲ್‌ಬೀರ್ ನೆಲಕ್ಕೆ ಕೈಯೂರಿ ಏಳಹೋದ.

"ಟೀಕಾ ಮುಗಿಯೋ ಮೊದಲೇ ಗೆರೆ ದಾಟಿದ ತಮ್ಮನನ್ನ ಹೊರಗೆ ಯಾರು ಕಾಯ್ತಿರ್ತಾರೆ, ಗೊತ್ತಲ್ಲ?" ಎಂದಳು ನಂದಕಲಿ. "ದಾಟು ದಾಟು. ನಿನಗೆ ಇದೆಲ್ಲ ಮೂಢನಂಬಿಕೆ ತಾನೆ."

ಅಂಗಳದ ಹೆಂಗಸರೆಲ್ಲ ಅವನ ಕಾಲನ್ನೇ ನೋಡುತ್ತಿದ್ದರು. ಎತ್ತಿದ ಕಾಲನ್ನು ಅವನು ಮತ್ತೆ ಮಡಚಿ ಕೂತ. ತುಟಿಯೊಳಗೇ ಏನೋ ಅಂದ.

"ಕಾಮ್ರೇಡ್, ಸ್ವಲ್ಪ ಜೋರಾಗಿ ಹೇಳಿ, ರೆಕಾರ್ಡ್ ಆಗ್ತಿಲ್ಲ," ಎಂದಳು ಫೋನ್ ಹಿಡಿದವಳು.

"ಅದನ್ನ ಕೆಳಗಿಡು," ಎಂದ ತುಲ್‌ಬೀರ್. ಆಮೇಲೆ ನಂದಕಲಿಗೆ, "ಮೇಲಿನ ಹುಲ್ಲುಗಾವಲು. ಕುರಿದೊಡ್ಡಿ ಹಿಂದೆ. ಅವತ್ತೇ ಹೂತ್ರು. ಕರೆದದ್ದು ನಾನೇ ದಿದಿ. ಬೇರೆ ಯಾರು ಕರೆದಿದ್ರೂ ಅವನು ಬರ್ತಿರಲಿಲ್ಲ. ಮೀತ ಕರೆದ ಅಂತ ಊಟದ ನಡುವೆ ಎದ್ದು, ಕೈ ತೊಳ್ಕೊಂಡು ಬಂದ. ಅವನು ಪೊಲೀಸರಿಗೆ ಸುದ್ದಿ ಕೊಡ್ತಾನೆ ಅಂತ ಪಕ್ಷದೋರು ಅಂದಿದ್ರು. ಕೊಡೋನಲ್ಲ ಅಂತ ನನಗೆ ಗೊತ್ತಿತ್ತು. ಆದ್ರೂ ನಾನು ಬಾಯಿ ಬಿಡಲಿಲ್ಲ."

ಈ ಮಾತು ಬಂದ ದಿನ ತನ್ನ ಎದೆ ಒಡೆಯುತ್ತದೆ ಎಂದೇ ನಂದಕಲಿ ತಿಳಿದಿದ್ದಳು. ಹಾಗಾಗಲಿಲ್ಲ. ಬೆಟ್ಟವಿಡೀ ಹೊತ್ತು ತಂದ ಸೌದೆ ಹೊರೆಯ ಪಟ್ಟಿಯನ್ನು ಹಣೆಯಿಂದ ಕಳಚಿದಾಗ ಕುತ್ತಿಗೆ ತಾನಾಗಿ ಮೇಲೇಳುತ್ತದಲ್ಲ, ಹಾಗೆ ಆಯಿತು. ಸತ್ತವನಿಗೆ ಏನು ಮಾಡಬೇಕೆಂಬುದು ಅವಳಿಗೆ ಗೊತ್ತಿತ್ತು. ಅವನು ಸತ್ತನೋ ಇಲ್ಲವೋ, ಗೊತ್ತಿಲ್ಲದೆ ಇದ್ದದ್ದು ಇಷ್ಟೇ.

ಅವಳು ಬಗ್ಗಿ ಎಣ್ಣೆಗೆರೆಯನ್ನು ಒಂದು ಕಡೆ ಅಂಗೈಯಿಂದ ಒರೆಸಿದಳು. ಒಬ್ಬ ಮನುಷ್ಯ ಹೊರಗೆ ಹೋಗುವಷ್ಟು ಜಾಗವಾಯಿತು.

"ಟೀಕಾ?" ಎಂದ ತುಲ್‌ಬೀರ್. ಹಣೆ ಬರಿದಾಗಿತ್ತು.

"ಇದನ್ನೇ ಠಾಣೆಗೆ ಹೋಗಿ ಹೇಳು. ಆಮೇಲೆ."

"ಚುನಾವಣೆ ಮುಗೀಲಿ ದಿದಿ."

"ಮುಗಿಯೋಕೆ ಮೊದಲು. ವೋಟು ಹಾಕೋರಿಗೂ ಗೊತ್ತಿರ್ಲಿ, ಯಾರಿಗೆ ಹಾಕ್ತಿದ್ದೀವಿ ಅಂತ."

"ಹೇಳಿದ್ರೆ ಮುಂದಿನ ವರ್ಷ ಈ ದಿನ ನಾನು ಜೈಲಲ್ಲಿರ್ತೀನಿ."

"ಇರು. ಭಾಯಿಟೀಕಾ ದಿನ ಜೈಲಿನ ಬಾಗಿಲಲ್ಲಿ ಅಕ್ಕತಂಗೀರ ಸಾಲು ನೋಡಿಲ್ವಾ? ನಾನೂ ನಿಂತ್ಕೋತೀನಿ." ನಂದಕಲಿ ಬಣ್ಣದ ತಟ್ಟೆಯನ್ನು ಎತ್ತಿಕೊಂಡಳು. "ಹಬ್ಬಕ್ಕೆ ಅಕ್ಕಿಹಿಟ್ಟಿನ ಸೇಲ್ ರೋಟಿ ಕರಿದು ತರ್ತೀನಿ. ನಿನಗೆ ಗರಿಯಾಗಿರಬೇಕೋ ಮೆತ್ತಗಿರಬೇಕೋ, ಅದೊಂದು ಹೇಳಿ ಹೋಗು."