ಮರವೆಂದು ಬರೆದುಕೊಡಿ

“ಇವತ್ತಾದರೂ ಇದು ಮರ ಅಂತ ಬರೆದುಕೊಡುತ್ತೀರೋ ಇಲ್ಲವೋ?” ಮುದುಕಿ ಕಲ್ಲನ್ನು ಮೇಜಿನ ಮೇಲೆ ಕುಕ್ಕಿದಳು.

ಸಂಗ್ರಹಾಲಯದ ಕಲ್ಲು ಪರೀಕ್ಷಕ ಕೈಯಲ್ಲಿದ್ದ ಕೆಲಸ ಬದಿಗಿಟ್ಟ. ಸತತ ಮೂರನೆಯ ದಿನ ಇದು. ಅವನ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಒಬ್ಬ ವರ್ತಕನ ‘ಪಚ್ಚೆ’ಯನ್ನು ಸೀಸೆಯ ಚೂರು ಎಂದು ಹೇಳಿ ಆಗಲೇ ಒಂದು ದೂರು ತಂದುಕೊಂಡಿದ್ದ. ಇನ್ನೊಂದು ಬಂದರೆ ಗಂಟುಮೂಟೆ ಕಟ್ಟು ಎಂದು ನಿರ್ದೇಶಕರು ಹೇಳಿಯಾಗಿತ್ತು.

“ಕೂತ್ಕೊಳ್ಳಿ ಅಮ್ಮ. ಇನ್ನೊಮ್ಮೆ ನೋಡೋಣ.”

ಕಲ್ಲು ಥೇಟ್ ಸೌದೆ ತುಂಡು. ಕಂದು ಬಣ್ಣ, ಉದ್ದುದ್ದ ಎಳೆ. ಅವನು ಕೊಯ್ದ ತುದಿಯನ್ನು ಒದ್ದೆ ಮಾಡಿ, ಭೂತಗನ್ನಡಿಯನ್ನು ಅವಳ ಕೈಗೇ ಕೊಟ್ಟ.

“ಮರ ಕಲ್ಲಾಗಿದ್ದರೆ ಇಲ್ಲಿ ಸುತ್ತುಸುತ್ತು ಉಂಗುರ ಇರಬೇಕು. ಇಲ್ಲವೇ ಸೂಜಿಮೊನೆಯಷ್ಟು ರಂಧ್ರಗಳ ಸಾಲಾದರೂ ಕಾಣಬೇಕು. ಇದರಲ್ಲಿ ಪದರದ ಮೇಲೆ ಪದರ, ಅಷ್ಟೆ. ಕೆಸರು ಕೂತು ಕಲ್ಲಾದದ್ದು.”

“ನಿನ್ನೆಯೂ ಇದನ್ನೇ ಹೇಳಿದಿರಿ.”

“ಕಲ್ಲು ನಿನ್ನೆಯದೇ ಅಲ್ವಾ ಅಮ್ಮ?”

ಮುದುಕಿಯ ಕಣ್ಣು ಅವನ ಊಟದ ಡಬ್ಬಿಯ ಮೇಲೆ ಬಿತ್ತು. “ಹೆಂಡತಿ ಕಟ್ಟಿಕೊಟ್ಟದ್ದೋ?”

“ಹೆಂಡತಿ ಎಲ್ಲಿಂದ ಬರಬೇಕು? ನಾನೇ. ಇಲ್ಲಿ ಎಲ್ಲರ ಡಬ್ಬಿಯೂ ಕಳುವಾಗುತ್ತೆ, ನನ್ನದೊಂದು ಬಿಟ್ಟು.”

ಅವಳು ನಗಲಿಲ್ಲ. “ನೋಡಪ್ಪ, ಮನೇಲಿ ಸೊಸೆ ಇದು ಬರೀ ಕಲ್ಲು ಅಂತಾಳೆ. ಅವಳೂ ನಿನ್ನ ಹಾಗೆ ಕಲ್ಲು ಓದಿದವಳು. ಮರ ಅಂತ ಒಂದು ಗೆರೆ ಗೀಚಿದ್ರೆ ನಿಮ್ಮಪ್ಪನ ಗಂಟೇನು ಹೋಗುತ್ತೆ?”

“ಸೊಸೆ ಹೇಳಿದ್ದೇ ಸರಿ ಅಮ್ಮ.”

“ಓಹೋ, ನನ್ನೆದುರಿಗೇ ಅವಳ ಪಕ್ಷ! ಕೊಡು ದೂರು ಪುಸ್ತಕ.”

“ಇನ್ನೊಂದು ದೂರು ಬಂದರೆ ನನ್ನ ಕೆಲಸ ಹೋಗುತ್ತೆ.”

“ಹಾಗಾದ್ರೆ ಮರ ಅಂತ ಬರಿ.”

ಅವನು ಕಲ್ಲನ್ನು ನೋಡಿದ. ಪುಸ್ತಕವನ್ನು ಅವಳತ್ತ ಸರಿಸಿದ, ಪೆನ್ನನ್ನೂ ಕೊಟ್ಟ.

ಮುದುಕಿ ಅರ್ಧ ಪುಟ ಬರೆದು, ಕಲ್ಲನ್ನು ಚೀಲಕ್ಕೆ ಹಾಕಿಕೊಂಡು ತಿರುಗಿಯೂ ನೋಡದೆ ಹೊರಟುಹೋದಳು.

ಸಂಜೆ ನಿರ್ದೇಶಕರು ಪುಸ್ತಕ ತೆರೆದರು. ಓದಿದರು. ಇನ್ನೊಮ್ಮೆ ಓದಿದರು. ಅದನ್ನು ಅವನ ಮುಂದೆ ತಳ್ಳಿದರು.

“ಮೂರು ದಿನ ಪೀಡಿಸಿದರೂ ಈ ಹುಡುಗ ಸಿಡುಕಲಿಲ್ಲ. ಕೆಲಸ ಹೋಗುತ್ತದೆಂದು ಗೊತ್ತಿದ್ದೂ ಸುಳ್ಳು ಬರೆಯಲಿಲ್ಲ. ಇವನನ್ನು ಕಾಯಂ ಮಾಡಿ. ನನ್ನ ಮಗ ತೀರಿಕೊಂಡು ಮೂರು ವರ್ಷವಾಯಿತು. ಸೊಸೆಗೆ ಗಂಡು ನೋಡುತ್ತಿದ್ದೇನೆ. ಭಾನುವಾರ ಮನೆಗೆ ಕಳಿಸಿಕೊಡಿ. ಒಪ್ಪುವುದು ಬಿಡುವುದು ಅವಳಿಗೆ ಸೇರಿದ್ದು.”